ಹೊಳೆ ಒಂದು, ಕೀಲಿಕೈ ಹಲವು

ಮಳೆಗಾಲದಲ್ಲಿ ಚಿಕ್ಕೋಡಿ ಸೀಮೆಯ ಜನರಿಗೆ ಕೃಷ್ಣೆಯ ಮನಸ್ಸು ತಿಳಿಯಲು ಪತ್ರಿಕೆ ಬೇಕಿಲ್ಲ. ಕಲ್ಲೋಳ ಮತ್ತು ಯಡೂರ ನಡುವಿನ ಕೆಳಮಟ್ಟದ ಸೇತುವೆ ಮುಳುಗಿತೆಂದರೆ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದಿದೆ ಎಂದೇ ಅರ್ಥ. ಊರಲ್ಲಿ ಮೋಡ ಚದುರಿ ಬಿಸಿಲು ಬಿದ್ದಿರಬಹುದು, ಹೊಲದಲ್ಲಿ ಕಳೆ ಕೀಳುವ ಕೆಲಸ ನಡೆದಿರಬಹುದು. ಆದರೂ ಹೊಳೆ ಕೆಂಪಾಗಿ, ದಂಡೆಗೆ ಸಮನಾಗಿ ಬರುತ್ತಿರುತ್ತದೆ. ಇಲ್ಲಿ ಬರುವ ನೀರು ಇಲ್ಲಿಯ ಮಳೆಯದಲ್ಲ.

ಈ ಸಂಗತಿ ಎಲ್ಲರಿಗೂ ಗೊತ್ತಿದ್ದರೂ ನೆರೆಯ ಕಷ್ಟವೆಲ್ಲ ಹುಟ್ಟುವುದು ಇದರಿಂದಲೇ. ನೀರು ಬೀಳುವುದು ಒಂದು ರಾಜ್ಯದಲ್ಲಿ, ನಿಲ್ಲುವುದು ಇನ್ನೊಂದು ರಾಜ್ಯದಲ್ಲಿ. ಮಳೆಯ ಮುನ್ಸೂಚನೆ ಕೊಡುವುದು ಹವಾಮಾನ ಇಲಾಖೆ, ಹೊಳೆಯ ಮಟ್ಟ ಅಳೆಯುವುದು ಕೇಂದ್ರ ಜಲ ಆಯೋಗ, ಅಣೆಕಟ್ಟೆಯ ಗೇಟು ಎತ್ತುವುದು ಆಯಾ ರಾಜ್ಯದ ಜಲಸಂಪನ್ಮೂಲ ಇಲಾಖೆ ಅಥವಾ ನಿಗಮ. ಊರು ಖಾಲಿ ಮಾಡಿಸುವುದು ಕಂದಾಯ ಇಲಾಖೆ, ಸೇತುವೆ ಮೇಲಿನ ಸಂಚಾರ ತಡೆಯುವುದು ಪೊಲೀಸರು, ವಿದ್ಯುತ್ ತಂತಿ ನೀರಿಗೆ ತಾಗುವ ಮೊದಲು ಪ್ರವಾಹ ಕಡಿಯುವುದು ವಿದ್ಯುತ್ ಸರಬರಾಜು ಕಂಪನಿ. ಹೊಳೆಗೆ ಮಾತ್ರ ಈ ವಿಂಗಡಣೆ ಗೊತ್ತಿಲ್ಲ.

ನಾಲ್ಕು ನದಿಗಳು ಸೇರುವ ಮೂಲೆ

ಕೃಷ್ಣೆ ಹುಟ್ಟುವುದು ಸಾತಾರಾ ಜಿಲ್ಲೆಯ ಮಹಾಬಳೇಶ್ವರದಲ್ಲಿ. ಅಲ್ಲಿಂದ ಸುಮಾರು 1,400 ಕಿಲೋಮೀಟರ್ ಹರಿದು ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಇದರ ಜಲಾನಯನ ಪ್ರದೇಶ, ಅಂದರೆ ಬಿದ್ದ ಮಳೆಯೆಲ್ಲ ಇಳಿದು ಈ ನದಿಗೇ ಬರುವ ನೆಲ, ಸುಮಾರು 2.59 ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ ಮತ್ತು ಆಂಧ್ರಪ್ರದೇಶ ಈ ನೆಲವನ್ನು ಹಂಚಿಕೊಂಡಿವೆ.

ನೆರೆಯ ಮಟ್ಟಿಗೆ ಅತಿ ಸೂಕ್ಷ್ಮವಾದದ್ದು ಸಾಂಗ್ಲಿ, ಕೊಲ್ಲಾಪುರ ಮತ್ತು ಬೆಳಗಾವಿ ಜಿಲ್ಲೆಗಳು ಕೂಡುವ ಮೂಲೆ. ಕರಾಡದಲ್ಲಿ ಕೊಯ್ನಾ ನದಿ ಕೃಷ್ಣೆಯನ್ನು ಕೂಡುತ್ತದೆ. ಸಾಂಗ್ಲಿಯ ಹತ್ತಿರ ಹರಿಪುರದಲ್ಲಿ ವಾರಣಾ ಬಂದು ಸೇರುತ್ತದೆ. ನರಸೋಬಾವಾಡಿಯಲ್ಲಿ ಪಂಚಗಂಗೆ, ಗಡಿ ದಾಟಿದ ಮೇಲೆ ಕಲ್ಲೋಳದ ಬಳಿ ದೂಧಗಂಗೆ. ನಾಲ್ಕೂ ಉಪನದಿಗಳು ಸಹ್ಯಾದ್ರಿಯ ಕಡಿದಾದ ಇಳಿಜಾರಿನಿಂದ ಧಾವಿಸಿ ಬಂದು ಇಲ್ಲಿಯ ಸಮತಟ್ಟಾದ ಕಪ್ಪು ನೆಲದಲ್ಲಿ ನಡಿಗೆ ನಿಧಾನಿಸುತ್ತವೆ. ಅವಸರದಿಂದ ಬಂದ ಜನ ಸಂತೆಯ ಬಾಗಿಲಲ್ಲಿ ಸಿಕ್ಕಿಕೊಂಡಂತೆ ನೀರು ಇಲ್ಲಿ ದಟ್ಟೈಸುತ್ತದೆ. ಒಂದು ನದಿಯ ನೀರು ಮುಂದೆ ಸಾಗುವ ಮೊದಲೇ ಇನ್ನೊಂದರದು ಬಂದರೆ ಎರಡೂ ದಂಡೆ ಮೀರುತ್ತವೆ. ಹಾಗಾಗಿ ಯಾವ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಎಂಬುದರಷ್ಟೇ, ಯಾವ ಗಳಿಗೆಯಲ್ಲಿ ಬಿಟ್ಟರು ಎಂಬುದೂ ಮುಖ್ಯ.

ಹಾಗೆಂದು ನೆರೆ ಈ ಮೂಲೆಗಷ್ಟೇ ಮೀಸಲಲ್ಲ. 2009ರ ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯಿಂದ ತುಂಗಭದ್ರೆಯೂ ಕೃಷ್ಣೆಯೂ ಒಟ್ಟಿಗೆ ಉಕ್ಕಿದಾಗ ಮಂತ್ರಾಲಯ, ಕರ್ನೂಲು ಮುಳುಗಿದವು. ಶ್ರೀಶೈಲದ ಅಣೆಕಟ್ಟೆಗೆ ಅದರ ವಿನ್ಯಾಸದ ಅಂದಾಜನ್ನೂ ಮೀರಿ ನೀರು ಬಂತು. ಮೇಲಿನವರ ಮಳೆ ಕೆಳಗಿನವರ ಹೊಳೆ ಎಂಬ ಮಾತಿಗೆ ಆಗ ಕರ್ನಾಟಕವೇ ಮೇಲಿನ ರಾಜ್ಯವಾಗಿತ್ತು.

ಸ್ವಲ್ಪ ಲೆಕ್ಕ

ಪತ್ರಿಕೆಗಳಲ್ಲಿ ಮಳೆಗಾಲವಿಡೀ ಕಾಣುವ ಎರಡು ಪದಗಳೆಂದರೆ ಕ್ಯೂಸೆಕ್ ಮತ್ತು ಟಿಎಂಸಿ. ಪ್ರೌಢಶಾಲೆಯ ಮಕ್ಕಳನ್ನು ಕೇಳಿದರೆ ಬಹುಪಾಲು ಮಂದಿ ಎರಡನ್ನೂ ಒಂದೇ ಎನ್ನುತ್ತಾರೆ, ಪೋಷಕರೂ ಕಡಿಮೆಯಿಲ್ಲ. ಕ್ಯೂಸೆಕ್ ಎಂಬುದು ಹರಿವಿನ ವೇಗದ ಲೆಕ್ಕ: ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಟಿಎಂಸಿ ಎಂಬುದು ಸಂಗ್ರಹದ ಲೆಕ್ಕ: ನೂರು ಕೋಟಿ ಘನ ಅಡಿ. ಮೊದಲನೆಯದು ನಲ್ಲಿ, ಎರಡನೆಯದು ಕೊಡ.

ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ನೆರೆಯ ಸುದ್ದಿಯನ್ನು ಅರ್ಧಕ್ಕರ್ಧ ಓದಬಹುದು.

ಕೊಯ್ನಾ ಜಲಾಶಯಕ್ಕೆ ನೀರು ಬರುವ ಪ್ರದೇಶ ಸುಮಾರು 890 ಚದರ ಕಿಲೋಮೀಟರ್. ಅಲ್ಲಿ ಒಂದೇ ದಿನ 300 ಮಿಲಿಮೀಟರ್ ಮಳೆ ಬಿದ್ದಿತೆನ್ನೋಣ. ಆ ಭಾಗಕ್ಕೆ ಅದು ತೀರ ಅಪರೂಪವೇನಲ್ಲ. ಗುಣಿಸಿದರೆ 26.7 ಕೋಟಿ ಘನ ಮೀಟರ್, ಅಂದರೆ ಸುಮಾರು 9.4 ಟಿಎಂಸಿ. ಜೂನ್ ತಿಂಗಳಾದರೆ ಒಣ ನೆಲ ಒಂದಿಷ್ಟು ಕುಡಿಯುತ್ತದೆ. ಆಗಸ್ಟ್‌ನಲ್ಲಿ ನೆಲ ನೆನೆದ ಸ್ಪಂಜಿನಂತಿರುವುದರಿಂದ ಬಿದ್ದದ್ದರಲ್ಲಿ ಬಹುಪಾಲು ಜಲಾಶಯಕ್ಕೇ ಇಳಿಯುತ್ತದೆ. ಕೊಯ್ನಾದ ಒಟ್ಟು ಸಾಮರ್ಥ್ಯ ಸುಮಾರು 105 ಟಿಎಂಸಿ. ಜಲಾಶಯದಲ್ಲಿ 60 ಟಿಎಂಸಿ ಇದ್ದಾಗ ಇಂಥ ಮಳೆ ಬಂದರೆ ಸಂತೋಷದ ಸುದ್ದಿ. 100 ಇದ್ದಾಗ ಬಂದರೆ ಗೇಟು ಎತ್ತದೆ ಗತ್ಯಂತರವಿಲ್ಲ. ಮಳೆ ಅದೇ, ಅಣೆಕಟ್ಟೆಯೂ ಅದೇ, ಬೇರೆಯಾದದ್ದು ದಿನಾಂಕ.

ಒಂದು ಕೊಡ, ಮೂರು ಯಜಮಾನರು

ಜಲಾಶಯ ಕಟ್ಟುವಾಗ ಅದರಿಂದ ನೀರಾವರಿ, ವಿದ್ಯುತ್, ನೆರೆ ತಡೆ ಮೂರೂ ಆಗುತ್ತದೆಂದು ಹೇಳುವುದು ವಾಡಿಕೆ. ಮೂರೂ ಉದ್ದೇಶಗಳು ಒಂದರೊಡನೊಂದು ಜಗಳವಾಡುತ್ತವೆಂದು ಹೇಳುವವರು ಕಡಿಮೆ. ನೀರಾವರಿಗೆ ಕೊಡ ತುಂಬಿರಬೇಕು, ಏಕೆಂದರೆ ಜನವರಿಯ ಬೆಳೆಗೆ ಅದೇ ಆಧಾರ. ವಿದ್ಯುತ್ತಿಗೆ ನೀರಿನ ಎತ್ತರ ಹೆಚ್ಚಿದಷ್ಟೂ ಒಳ್ಳೆಯದು. ನೆರೆ ತಡೆಯಬೇಕಾದರೆ ಮಾತ್ರ ಕೊಡ ಖಾಲಿ ಇರಬೇಕು! ಯಾವ ತಿಂಗಳಲ್ಲಿ ಎಷ್ಟು ತುಂಬಿಸಬೇಕು, ಎಷ್ಟು ಖಾಲಿ ಇಡಬೇಕು ಎಂದು ಹಿಂದಿನ ವರ್ಷಗಳ ಅಂಕಿಅಂಶ ನೋಡಿ ಬರೆದಿಟ್ಟ ರೇಖೆಯೊಂದಿರುತ್ತದೆ. ಎಂಜಿನಿಯರುಗಳು ಅದನ್ನು ನಿಯಮ ರೇಖೆ ಎನ್ನುತ್ತಾರೆ.

ರೇಖೆ ಕಾಗದದ ಮೇಲೆ ಸುಂದರವಾಗಿರುತ್ತದೆ. ಜುಲೈ ಕೊನೆಯಲ್ಲಿ ತುಂಬುತ್ತಿರುವ ಜಲಾಶಯದಿಂದ ನೀರು ಬಿಡುವ ಧೈರ್ಯ ಯಾವ ಅಧಿಕಾರಿಗಿದೆ? ಆಮೇಲೆ ಮಳೆ ಕೈಕೊಟ್ಟರೆ ರೈತರಿಗೂ ಶಾಸಕರಿಗೂ ಉತ್ತರ ಹೇಳಬೇಕಾದವನು ಅವನೇ. ನೀರು ಬಿಡದೆ ನೆರೆ ಬಂದರೆ ಮಳೆಯ ಮೇಲೆ ಹೊರೆ ಹಾಕಬಹುದು. ಗೇಟಿನ ಬಳಿ ಇರುವ ಅಧಿಕಾರಿಯನ್ನು ದೂರುವುದು ಸುಲಭ, ಆದರೆ ಅವನ ಮುಂದಿರುವ ಆಯ್ಕೆ ಇಂಥದು.

ಈ ತೊಡಕು ಹೊಸದಲ್ಲ. ಕೃಷ್ಣೆಯದೇ ಉಪನದಿಯಾದ ಮೂಸಿ 1908ರ ಸೆಪ್ಟೆಂಬರ್ 28ರಂದು ಹೈದರಾಬಾದ್ ನಗರವನ್ನು ನುಗ್ಗಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಗ ನಿಜಾಮರ ಸರ್ಕಾರ ಕರೆಸಿದ್ದು ಎಂ. ವಿಶ್ವೇಶ್ವರಯ್ಯನವರನ್ನು. ನಗರದೊಳಗೆ ದಂಡೆ ಕಟ್ಟಿದರಷ್ಟೇ ಸಾಲದು, ನಗರದ ಮೇಲ್ಭಾಗದಲ್ಲೇ ನೀರನ್ನು ತಡೆದು ಮೆಲ್ಲಗೆ ಬಿಡುವ ಜಲಾಶಯಗಳು ಬೇಕು ಎಂದು ಅವರು ಸೂಚಿಸಿದರು. ಅದರಂತೆ ಎದ್ದವು 1920ರಲ್ಲಿ ಪೂರ್ಣಗೊಂಡ ಉಸ್ಮಾನ್ ಸಾಗರ ಮತ್ತು ಆಮೇಲೆ ಬಂದ ಹಿಮಾಯತ್ ಸಾಗರ. ಕಾಲ ಕಳೆದಂತೆ ನಗರ ಅವುಗಳನ್ನು ಕುಡಿಯುವ ನೀರಿನ ಕೆರೆಗಳೆಂದೇ ಕಾಣತೊಡಗಿತು. ನೆರೆಗಾಗಿ ಖಾಲಿ ಇಡಬೇಕಾದ ಕೆರೆ ತುಂಬಿದ್ದರೇ ಎಲ್ಲರಿಗೂ ನೆಮ್ಮದಿ!

ಮೇ ತಿಂಗಳ ಮನವಿ, ಆಗಸ್ಟ್ ತಿಂಗಳ ನೆರೆ

2019 ಇದಕ್ಕೆಲ್ಲ ಒಳ್ಳೆಯ ಪಾಠ. ಆ ವರ್ಷದ ಬೇಸಿಗೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಕೃಷ್ಣೆ ಬತ್ತಿ ಮರಳು ಕಂಡಿತ್ತು. ಕುಡಿಯಲಾದರೂ ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರಕ್ಕೆ ಮನವಿ ಮಾಡಿತ್ತು. ಎರಡೇ ತಿಂಗಳಲ್ಲಿ ಚಿತ್ರ ತಲೆಕೆಳಗಾಯಿತು. ಆಗಸ್ಟ್ ಮೊದಲ ವಾರ ಸಹ್ಯಾದ್ರಿಯಲ್ಲಿ ಬಿಡದೆ ಸುರಿದ ಮಳೆಗೆ ಕೊಯ್ನಾ, ವಾರಣಾ, ರಾಧಾನಗರಿ ಜಲಾಶಯಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ತುಂಬಿದವು. ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ನೀರು 57 ಅಡಿ ಮುಟ್ಟಿತು. ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಲಾಪುರದ ಬಳಿ ದಿನಗಟ್ಟಲೆ ಬಂದ್ ಆಯಿತು. ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಡಿಯ ಈಚೆ ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ ತಾಲ್ಲೂಕುಗಳ ಹಳ್ಳಿಗಳು ಜಲಾವೃತವಾದವು. ಆಲಮಟ್ಟಿಯಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ದಾಟಿತು.

ಕೂಡಲೇ ಹಳೆಯ ವಾದವೂ ಎದ್ದಿತು. 2005ರ ನೆರೆಯಲ್ಲೂ ಕೇಳಿದ್ದ ಮಾತೇ ಅದು. ಆಲಮಟ್ಟಿಯಲ್ಲಿ ಕರ್ನಾಟಕ ನೀರು ಹಿಡಿದಿಟ್ಟುಕೊಂಡಿದ್ದರಿಂದ ಸಾಂಗ್ಲಿ ಮುಳುಗಿತು ಎಂದು ಅಲ್ಲಿಯವರು, ಕೊಯ್ನಾದಿಂದ ಒಮ್ಮೆಲೇ ನೀರು ಬಿಟ್ಟಿದ್ದರಿಂದ ಚಿಕ್ಕೋಡಿ ಮುಳುಗಿತು ಎಂದು ಇಲ್ಲಿಯವರು ದೂರಿದರು.

ಇದರಲ್ಲಿ ವಿಜ್ಞಾನವೇನು? ಆಲಮಟ್ಟಿಯ ಪೂರ್ಣಮಟ್ಟ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ. ಸಾಂಗ್ಲಿ ನಗರದ ನೆಲ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ತಟ್ಟೆಯಲ್ಲಿಟ್ಟ ನೀರಿನಂತೆ ಯೋಚಿಸಿದರೆ ಆಲಮಟ್ಟಿಯ ನೀರು ಸಾಂಗ್ಲಿಗೆ ಏರುವುದು ಸಾಧ್ಯವೇ ಇಲ್ಲ. ಆದರೆ ನೆರೆಯ ಕಾಲದ ಜಲಾಶಯ ನಿಂತ ತಟ್ಟೆಯಲ್ಲ. ನೀರು ಹರಿಯುತ್ತಿರಬೇಕಾದರೆ ಮೇಲ್ಮೈ ಇಳಿಜಾರಾಗಿರಲೇಬೇಕು. ಹರಿವು ಹೆಚ್ಚಿದಷ್ಟೂ ಹಿನ್ನೀರಿನ ತುದಿ ಮೇಲಕ್ಕೇಳುತ್ತದೆ. ಸೇತುವೆ, ಬ್ಯಾರೇಜು, ಹೂಳು, ದಂಡೆಯವರೆಗೂ ನೆಟ್ಟ ಕಬ್ಬು ಎಲ್ಲವೂ ಈ ಏರಿಕೆಗೆ ತಮ್ಮ ಪಾಲು ಸೇರಿಸುತ್ತವೆ. ಆದ್ದರಿಂದ ಈ ಪ್ರಶ್ನೆಯನ್ನು ಘೋಷಣೆಯಿಂದ ಬಗೆಹರಿಸಲಾಗದು. ಅಳತೆ ಮಾಡಿ, ಗಣಿತದ ಮಾದರಿ ಕಟ್ಟಿ ನೋಡಬೇಕು. 2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡನೇರೆ ಸಮಿತಿ ಹಾಗೆ ನೋಡಿ, ಸಾಂಗ್ಲಿ-ಕೊಲ್ಲಾಪುರದ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದು 2020ರಲ್ಲಿ ವರದಿ ಕೊಟ್ಟಿತು. ವಾದ ಅಲ್ಲಿಗೆ ಮುಗಿಯಲಿಲ್ಲ. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿದ್ದರಿಂದ ಅದರ ಪ್ರತಿಯೊಂದು ಮೀಟರಿನ ಹಿಂದೆಯೂ ರಾಜಕೀಯವಿದೆ.

ಇಲ್ಲಿ ಇನ್ನೊಂದು ಲೆಕ್ಕ. ಆಲಮಟ್ಟಿಯಲ್ಲಿ 30 ಟಿಎಂಸಿ ಜಾಗ ಖಾಲಿ ಇದೆ ಎಂದಿಟ್ಟುಕೊಳ್ಳಿ. ಮೇಲಿನಿಂದ 4 ಲಕ್ಷ ಕ್ಯೂಸೆಕ್ ಬರುತ್ತಿರುವಾಗ ಗೇಟು ಮುಚ್ಚಿ ಕೂತರೆ ಆ ಜಾಗ 21 ಗಂಟೆಯೊಳಗೆ ತುಂಬಿಹೋಗುತ್ತದೆ. ಅದೇ 3 ಲಕ್ಷ ಹೊರಬಿಡುತ್ತ ಹೆಚ್ಚಿನ ಒಂದು ಲಕ್ಷವನ್ನಷ್ಟೇ ಹಿಡಿದರೆ ಮೂರೂವರೆ ದಿನ ತಡೆಯಬಹುದು. ಆದರೆ ಮೂರು ಲಕ್ಷ ಹೊರಬಿಡಬೇಕಾದ್ದು ಯಾವಾಗ? ನೀರು ಬಂದ ಮೇಲಲ್ಲ, ಕೊಯ್ನಾದ ಗೇಟು ಎದ್ದ ಸುದ್ದಿ ಬಂದ ಕೂಡಲೇ. ಅಂದರೆ ಆಲಮಟ್ಟಿಯ ಎಂಜಿನಿಯರ್ ನೋಡಬೇಕಾದ್ದು ತನ್ನ ಮಾಪಕವನ್ನಲ್ಲ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗಿರುವ, ಬೇರೆ ಸರ್ಕಾರದ ಮಾಪಕವನ್ನು.

ಕಾನೂನಿನಲ್ಲಿ ಹೊಳೆಗೆ ಯಜಮಾನ ಯಾರು?

ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ 17ನೆಯ ವಿಷಯ. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯ 56ನೆಯದು. ಈ ಅಧಿಕಾರದಿಂದ ಸಂಸತ್ತು 1956ರಲ್ಲೇ ನದಿ ಮಂಡಳಿ ಕಾಯ್ದೆ ಮಾಡಿತು. ಒಂದು ನದಿಗೆ ಒಂದು ಮಂಡಳಿ, ನೆರೆ ನಿಯಂತ್ರಣವೂ ಅದರ ಕೆಲಸಗಳಲ್ಲೊಂದು ಎಂಬುದು ಉದ್ದೇಶ. ಆ ಕಾಯ್ದೆಯಡಿ ಇದುವರೆಗೆ ಒಂದು ಮಂಡಳಿಯೂ ಹುಟ್ಟಿಲ್ಲ. ಅದೇ ವರ್ಷ ಬಂದ ಜಲವಿವಾದ ಕಾಯ್ದೆಯಡಿ ಮಾತ್ರ ನ್ಯಾಯಮಂಡಳಿಗಳು ಸಾಲುಗಟ್ಟಿದವು. ಕೃಷ್ಣೆಯ ಮೊದಲ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಹನಿಹನಿಯನ್ನೂ ಹಂಚಿತು. ಕೊರತೆಯ ದಿನ ಪ್ರತಿ ಹನಿಗೂ ವಾರಸುದಾರರಿದ್ದಾರೆ. ಉಕ್ಕಿ ಹರಿಯುವ ದಿನ ಆ ನೀರು ತನ್ನದೆನ್ನುವವರು ಯಾರೂ ಇಲ್ಲ.

ಹೊಂದಾಣಿಕೆಯ ಪ್ರಯೋಗಗಳು ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ಅಮೆರಿಕದ ಟೆನೆಸ್ಸಿ ಕಣಿವೆಯ ಮಾದರಿಯಲ್ಲಿ 1948ರಲ್ಲಿ ದಾಮೋದರ ಕಣಿವೆ ನಿಗಮ ಹುಟ್ಟಿತು. ಅಲ್ಲಿಯ ಜಲಾಶಯಗಳಿಂದ ಎಷ್ಟು ನೀರು ಬಿಡಬೇಕೆಂಬುದನ್ನು ಕೇಂದ್ರ ಜಲ ಆಯೋಗವೂ ರಾಜ್ಯಗಳೂ ಇರುವ ಸಮಿತಿಯೊಂದು ನಿರ್ಧರಿಸುತ್ತದೆ. ಕೂಡಿ ಕೂತರೂ ಕೋಪ ತಪ್ಪಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನೆರೆ ಬಂದಾಗ ಪಶ್ಚಿಮ ಬಂಗಾಳ ತನ್ನ ಪ್ರತಿನಿಧಿಗಳನ್ನು ಅಲ್ಲಿಂದ ಹಿಂತೆಗೆದುಕೊಂಡಿತು. ನಮ್ಮ ಹೊಸಪೇಟೆಯಲ್ಲೇ ತುಂಗಭದ್ರಾ ಮಂಡಳಿ 1953ರಿಂದ ಇದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ, ಉಳಿದ ಗೇಟುಗಳನ್ನೂ ತೆರೆದು ಒತ್ತಡ ಇಳಿಸಿ, ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟು, ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಲಾಯಿತು. ಬೇರೆಬೇರೆ ಸರ್ಕಾರಗಳು ಮನಸ್ಸು ಮಾಡಿದರೆ ಒಂದೇ ಕೈಯಂತೆ ದುಡಿಯಬಲ್ಲವೆಂಬುದಕ್ಕೆ ಅದು ಸಾಕ್ಷಿ. ಅಪಾಯ ಕಣ್ಣೆದುರಿಗೆ ಬಂದಾಗ ಮಾತ್ರ ಹಾಗೆ ದುಡಿಯುತ್ತವೆಂಬುದೂ ನಿಜ.

ಕೃಷ್ಣೆಯ ಮಟ್ಟಿಗೆ ಆದ ಪ್ರಗತಿ ಸದ್ದಿಲ್ಲದ್ದು. ಮಹಾರಾಷ್ಟ್ರ ಕೃಷ್ಣಾ-ಭೀಮಾ ಕಣಿವೆಯಲ್ಲಿ ಮಳೆ ಮತ್ತು ನೀರಿನ ಮಟ್ಟವನ್ನು ತಾನಾಗಿ ಅಳೆದು ಕಳುಹಿಸುವ ಉಪಕರಣಗಳ ಜಾಲ ಹಾಕಿತು. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನು ಕೂರಿಸಿದೆ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರೊಡನೆ ಕೂತು, ಜಲಾಶಯಗಳ ಮಾಹಿತಿಯನ್ನು ಆಗಿಂದಾಗ್ಗೆ ಹಂಚಿಕೊಳ್ಳುವ ಬಗ್ಗೆ ಮಾತಾಡಿದರು. ಮಾತಾಡಿದ ತಿಂಗಳೊಪ್ಪತ್ತಿನಲ್ಲೇ ಪರೀಕ್ಷೆ ಬಂತು. ಜುಲೈ 22ರಂದು ಶುರುವಾದ ಮಳೆ ಮಹಾಬಳೇಶ್ವರದಲ್ಲಿ 24 ಗಂಟೆಯಲ್ಲಿ 594 ಮಿಲಿಮೀಟರ್ ಸುರಿಯಿತು. ಸಾಂಗ್ಲಿಯಲ್ಲಿ ನೀರು ಮತ್ತೆ ಅಪಾಯದ ಮಟ್ಟ ಮೀರಿತು. ಮಾಹಿತಿ ಹಂಚಿಕೊಂಡರೂ ನೆರೆ ನಿಲ್ಲಲಿಲ್ಲವಲ್ಲ ಎಂದು ಕೇಳಬಹುದು. ಜಲಾಶಯಗಳ ಕೆಳಗೆ, ಯಾವ ಗೇಟಿಗೂ ಸಿಗದ ನೆಲದಲ್ಲಿ ಬೀಳುವ ಮಳೆಯನ್ನು ಯಾವ ಎಂಜಿನಿಯರೂ ಹಿಡಿದಿಡಲಾರ. ಗೇಟುಗಳ ಹೊಂದಾಣಿಕೆಯಿಂದ ನೆರೆಯ ತುದಿ ಒಂದಷ್ಟು ಅಡಿ ಇಳಿಯಬಹುದು, ಜನರಿಗೆ ಒಂದಷ್ಟು ಗಂಟೆ ಹೆಚ್ಚಿಗೆ ಸಿಗಬಹುದು. ಇಷ್ಟನ್ನೇ ನಿರೀಕ್ಷಿಸುವುದು ಪ್ರಾಮಾಣಿಕತೆ.

ನೆರೆರಾಜ್ಯವನ್ನು ದೂರುವವರು ಮಲಪ್ರಭೆಯನ್ನೂ ಒಮ್ಮೆ ನೋಡಬೇಕು. ಅದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುವವರೆಗೆ ಕರ್ನಾಟಕದ ಹೊಳೆಯೇ. ವರ್ಷಗಟ್ಟಲೆ ತುಂಬದಿದ್ದ ನವಿಲುತೀರ್ಥದ ಜಲಾಶಯ 2019ರಲ್ಲಿ ಕೆಲವೇ ದಿನಗಳಲ್ಲಿ ಉಕ್ಕಿತು. ಬಿಟ್ಟ ನೀರು ಬಾದಾಮಿ ತಾಲ್ಲೂಕಿನ ಹಳ್ಳಿಗಳಿಗೂ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನುಗ್ಗಿತು. ಅಲ್ಲಿ ಜಲಾಶಯವೂ ಒಂದೇ ಸರ್ಕಾರದ್ದು, ಜಿಲ್ಲಾಡಳಿತವೂ ಅದೇ ಸರ್ಕಾರದ್ದು. ಹೊಳೆಯ ಪಾತ್ರದವರೆಗೂ ಬೆಳೆ ಬಂದಿದ್ದರೆ, ಹೂಳು ತುಂಬಿದ್ದರೆ, ಆ ಕಡತ ಓಡಾಡುವುದು ಬೆಳಗಾವಿ, ಗದಗ, ಬಾಗಲಕೋಟೆಗಳ ನಡುವೆ.

ಕೊನೆಯ ಮೈಲಿ

ಎಲ್ಲ ಲೆಕ್ಕ ಸರಿಯಾಗಿ, ಎಲ್ಲ ದೂರವಾಣಿ ಸರಿಯಾಗಿ ಕೆಲಸ ಮಾಡಿತೆನ್ನೋಣ. ರಾಜಾಪುರ ಬ್ಯಾರೇಜಿನಿಂದ ಎರಡು ಲಕ್ಷ ಕ್ಯೂಸೆಕ್ ಬರುತ್ತಿದೆ ಎಂದು ಹಳ್ಳಿಯಲ್ಲಿ ಡಂಗುರ ಸಾರಿದರು. ಕೇಳಿದ ರೈತನಿಗೆ ಏನು ತಿಳಿಯಿತು? ನೀರು ಹನುಮಪ್ಪನ ಗುಡಿಯ ಕಟ್ಟೆಗೆ ಬರುತ್ತದೋ, ಶಾಲೆಯ ಮೆಟ್ಟಿಲಿಗೋ, ತನ್ನ ದನದ ಕೊಟ್ಟಿಗೆಗೋ? ಅವನಿಗೆ ಬೇಕಾದ ಭಾಷೆ ಅದು. ವಿಪತ್ತು ನಿರ್ವಹಣಾ ಕಾಯ್ದೆ 2005ರಲ್ಲಿ ಬಂದ ಮೇಲೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ಇದೆ. ಅಣೆಕಟ್ಟೆ ಸುರಕ್ಷತಾ ಕಾಯ್ದೆ 2021ರಲ್ಲಿ ಬಂದ ಮೇಲೆ ಅಣೆಕಟ್ಟೆಯ ಒಡೆಯರು ತುರ್ತು ಕ್ರಮದ ಯೋಜನೆ ಸಿದ್ಧವಿಡಬೇಕು. ಕ್ಯೂಸೆಕ್ಕನ್ನು ಗುಡಿಯ ಕಟ್ಟೆಗೆ ಭಾಷಾಂತರಿಸುವ ಕೆಲಸ ಮಾತ್ರ ಇನ್ನೂ ಗ್ರಾಮದ ಅಧಿಕಾರಿಯ ಅನುಭವದ ಮೇಲೆಯೇ ನಿಂತಿದೆ. ಅವನಿಗೆ ವರ್ಗವಾದರೆ ಆ ಅನುಭವವೂ ಅವನೊಂದಿಗೇ ಹೋಗುತ್ತದೆ.

ದನಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಎಚ್ಚರಿಕೆ ಕೊಟ್ಟರೂ ಜನ ಮನೆ ಬಿಡುವುದಿಲ್ಲ ಎಂದು ಅಧಿಕಾರಿಗಳು ಗೊಣಗುವುದುಂಟು. ಎಮ್ಮೆಯನ್ನು ಕಟ್ಟಿಹಾಕಿ ಹೋಗಲು ಯಾವ ಮನೆಯಾಕೆಗೆ ಮನಸ್ಸು ಬರುತ್ತದೆ? ಜನರಿಗೆ ಕಾಳಜಿ ಕೇಂದ್ರ ತೆರೆಯುವ ಕಂದಾಯ ಇಲಾಖೆ, ಅದರ ಪಕ್ಕದಲ್ಲೇ ಮೇವು ಒದಗಿಸಬೇಕಾದ ಪಶುಸಂಗೋಪನೆ ಇಲಾಖೆಯೊಡನೆ ಜೂನ್‌ನಲ್ಲೇ ಮಾತಾಡಿಕೊಂಡಿದ್ದ ಕಡೆ ಊರು ಬೇಗ ಖಾಲಿಯಾಗುತ್ತದೆ.

ಆ ಕಾಳಜಿ ಕೇಂದ್ರ ಬಹುತೇಕ ಊರಿನ ಶಾಲೆಯೇ ಆಗಿರುತ್ತದೆ. ನೆರೆ ಇಳಿದ ಮೇಲೂ ಮನೆ ಬಿದ್ದವರು ಅಲ್ಲೇ ಇರುತ್ತಾರೆ, ಪಾಠ ನಿಂತಿರುತ್ತದೆ, ಪಠ್ಯಪುಸ್ತಕ ನೀರುಪಾಲಾದ ಮಕ್ಕಳಿಗೆ ಮತ್ತೊಂದು ಸೆಟ್ ಬರುವ ಹೊತ್ತಿಗೆ ಅರ್ಧವಾರ್ಷಿಕ ಪರೀಕ್ಷೆ ಎದುರಿಗಿರುತ್ತದೆ. ಹೊಳೆದಂಡೆಯ ಶಾಲೆಗಳಲ್ಲಿ ವಿಜ್ಞಾನ ಸಂಘದ ಮಕ್ಕಳು ಮಾಡಬಹುದಾದ ಒಂದು ಕೆಲಸವಿದೆ. 2005, 2019, 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಗೋಡೆ, ಕಂಬ, ಗುಡಿಯ ಕಟ್ಟೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಇಸವಿ ಬರೆಯುವುದು. ಆ ದಿನ ರಾಜಾಪುರದಿಂದ ಎಷ್ಟು ಕ್ಯೂಸೆಕ್ ಬರುತ್ತಿತ್ತೆಂಬುದನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ ಪಕ್ಕದಲ್ಲೇ ಬರೆದರೆ, ಮುಂದಿನ ಸಲ ಡಂಗುರದಲ್ಲಿ ಬರುವ ಸಂಖ್ಯೆಯನ್ನು ಊರಿನ ಯಾರು ಬೇಕಾದರೂ ಆ ಗೆರೆಗೆ ಹೋಲಿಸಿ ನೋಡಬಹುದು.